ಯೋಗಾನಂದನ ಇಪ್ಪತ್ತಮೂರು ಪಟ್ಟಿಗಳು

ಪೊಲೀಸರು ಬಂದಾಗ ಯೋಗಾನಂದ ಹಲ್ಲುಜ್ಜುತ್ತಿದ್ದ. ೨೦೧೨ರ ಫೆಬ್ರವರಿ, ಮಂಗಳವಾರ, ಬೆಳಿಗ್ಗೆ ಏಳೂವರೆ. ಬ್ಯಾಟರಾಯನಪುರದ ಹಳೇ ಊರಿನ ಗಲ್ಲಿಯೊಳಗೆ ಜೀಪು ತಿರುಗಿಸಲು ಜಾಗವಿಲ್ಲ. ಹಾಗಾಗಿ ಅದನ್ನು ಮುಂದಿನ ರಸ್ತೆಯಲ್ಲೇ ನಿಲ್ಲಿಸಿ ಮೂವರು ಮನೆ ಕೇಳಿಕೊಂಡು ನಡೆದು ಬಂದರು. ದಾರಿಯುದ್ದಕ್ಕೂ ನಾಲ್ಕೈದು ಮನೆಗಳಲ್ಲಿ ವಿಚಾರಿಸಿದ್ದರಿಂದ, ಅವರು ಇವನ ಗೇಟಿಗೆ ತಲುಪುವ ಹೊತ್ತಿಗೆ ಇಡೀ ಗಲ್ಲಿಗೆ ವಿಷಯ ಗೊತ್ತಾಗಿತ್ತು.

ಬೇರೆ ಜಿಲ್ಲೆಯ ಒಬ್ಬ ನಿವೃತ್ತ ಮೇಷ್ಟ್ರ ಬ್ಯಾಂಕ್ ಖಾತೆಯನ್ನು ಯಾರೋ ಇಂಟರ್ನೆಟ್ಟಿನಲ್ಲಿ ಬರಿದು ಮಾಡಿದ್ದರು. ಯಾವ ಕಂಪ್ಯೂಟರಿನಿಂದ ಆ ಕೆಲಸ ನಡೆಯಿತೆಂದು ಹುಡುಕಿಕೊಂಡು ಹೋದರೆ ವಿಳಾಸ ಈ ಮನೆಯದು. ಇಂಟರ್ನೆಟ್ಟಿಗೆ ಸೇರಿದ ಪ್ರತಿ ಮನೆಗೂ ಚುಕ್ಕಿಗಳ ನಡುವೆ ಕೂತ ನಾಲ್ಕು ಅಂಕಿಗಳ ಒಂದು ವಿಳಾಸ ಇರುತ್ತದೆ, ಐಪಿ ಅನ್ನುತ್ತಾರೆ. ಆ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ತಂದಿದ್ದರು. ಇದು ನಿಮ್ಮದೇ ತಾನೆ ಎಂದು ಕೇಳಿದಾಗ ಯೋಗಾನಂದ ಬಾಯಲ್ಲಿದ್ದ ನೊರೆ ಉಗಿದು ಹೌದೆಂದ. ಅವನಿಗೆ ಅದು ಬಾಯಿಪಾಠ. ಕಾಲೇಜಿನ ಲ್ಯಾಬನ್ನು ಮನೆಯಿಂದಲೇ ನೋಡಿಕೊಳ್ಳಲು ಅನುಕೂಲವಾಗಲೆಂದು ಅವನೇ ಅರ್ಜಿ ಹಾಕಿ ತೆಗೆದುಕೊಂಡಿದ್ದ ಕಾಯಂ ವಿಳಾಸ ಅದು.

ಯಲಹಂಕದ ಆಚೆ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಯೋಗಾನಂದ ಕಂಪ್ಯೂಟರ್ ಲ್ಯಾಬಿನ ಇನ್‌ಸ್ಟ್ರಕ್ಟರ್. ಆಗ ಅವನಿಗೆ ನಲವತ್ತೈದು. ಅಪ್ಪ ಮುನಿಆಂಜಿನಪ್ಪನವರ ಹೊಲದ ಹೆಚ್ಚಿನ ಪಾಲು ಬಳ್ಳಾರಿ ರಸ್ತೆಯ ಅಡಿಗೆ ಸೇರಿ, ಉಳಿದ ಅಂಗೈಯಗಲ ಜಾಗದಲ್ಲಿ ಎರಡು ಅಂತಸ್ತಿನ ಮನೆ ಎದ್ದಿತ್ತು. ಕೆಳಗೆ ಯೋಗಾನಂದ, ಹೆಂಡತಿ ರಾಧಾಮಣಿ, ತಾಯಿ ಗೋಪಾಲಮ್ಮ. ಮೇಲಿನದು ಬಾಡಿಗೆಗೆ. ಮಕ್ಕಳಿರಲಿಲ್ಲ. ಆ ಮಾತನ್ನು ಅವರು ಆಡುವುದು ಬಿಟ್ಟು ವರ್ಷಗಳಾಗಿದ್ದವು. ಇಂಟರ್ನೆಟ್ ಲೈನು ಒಂದೇ. ಅದರಿಂದಲೇ ಮೇಲಿನ ಮನೆಗೂ ವೈರು ಎಳೆದಿದ್ದ.

ಎರಡು ಹಗಲು, ಒಂದು ರಾತ್ರಿ ಅವನನ್ನು ಇರಿಸಿಕೊಂಡರು. ಹೊಡೆಯಲಿಲ್ಲ. ಬೆಂಚಿನ ಮೇಲೆ ಕೂರಿಸಿ ಅದೇ ಆರು ಪ್ರಶ್ನೆಗಳನ್ನು ಬೇರೆ ಬೇರೆಯವರು ಬಂದು ಕೇಳಿದರು. ಕೊನೆಗೆ ಅವನ ಕಂಪ್ಯೂಟರನ್ನು ಬಿಚ್ಚಿ ನೋಡಿದ ತಜ್ಞರೊಬ್ಬರು, ಇದರಲ್ಲಿ ವೈರಸ್ ಸೇರಿಕೊಂಡಿದೆ, ದೂರದ ಯಾರೋ ಇದನ್ನು ಏಣಿಯ ಹಾಗೆ ಬಳಸಿಕೊಂಡಿದ್ದಾರೆ, ಈ ಮನುಷ್ಯನಿಗೆ ಸಂಬಂಧವಿಲ್ಲ ಎಂದು ಬರೆದುಕೊಟ್ಟರು. ಬುಧವಾರ ಸಂಜೆ ಆಟೋದಲ್ಲಿ ಮನೆಗೆ ಬಂದ. ಗೋಪಾಲಮ್ಮ ಬಾಗಿಲಲ್ಲೇ ನಿಲ್ಲಿಸಿ ನೀರು ನಿವಾಳಿಸಿದಳು.

ಬಿಟ್ಟು ಕಳಿಸಿದ್ದನ್ನು ನೋಡಲು ಗಲ್ಲಿಯಲ್ಲಿ ಯಾರೂ ನಿಂತಿರಲಿಲ್ಲ. ಕಾಲೇಜಿನಲ್ಲಿ ಪ್ರಿನ್ಸಿಪಾಲರು ಚಹಾ ತರಿಸಿ ಬಹಳ ಮರ್ಯಾದೆಯಿಂದ ಮಾತಾಡಿದರು. ಲ್ಯಾಬಿನ ಬೀಗದ ಕೈ ಸದ್ಯಕ್ಕೆ ಬೇರೆಯವರ ಹತ್ತಿರ ಇರಲಿ, ನೀವು ಸ್ಟೋರ್ಸ್ ನೋಡಿಕೊಳ್ಳಿ ಅಂದರು. ಆ ಸದ್ಯಕ್ಕೆ ಎನ್ನುವುದು ಮುಗಿಯಲೇ ಇಲ್ಲ. ಹತ್ತೊಂಬತ್ತು ವರ್ಷ ಹುಡುಗರಿಗೆ ಪ್ರೋಗ್ರಾಮ್ ತಿದ್ದಿಕೊಟ್ಟ ಮನುಷ್ಯ ಡಸ್ಟರು, ಫಿನಾಯಿಲು, ಉತ್ತರ ಪತ್ರಿಕೆಯ ಬಂಡಲುಗಳ ಮಧ್ಯೆ ಕೂತ.

ಆ ತಿಂಗಳೇ ಅವನಿಗೆ ಇನ್ನೊಂದು ಸಂಗತಿ ಗೊತ್ತಾಯಿತು. ಕಳಿಸಿದ ಇಮೇಲುಗಳೆಲ್ಲ ವಾಪಸು ಬರುತ್ತಿದ್ದವು. ನೋಡಿದರೆ ಅವನ ಮನೆಯ ನಾಲ್ಕು ಅಂಕಿ ಒಂದು ಪಟ್ಟಿಗೆ ಸೇರಿಬಿಟ್ಟಿದೆ. ಕೆಟ್ಟ ಕೆಲಸ ಮಾಡಿದ ವಿಳಾಸಗಳನ್ನು ಒಟ್ಟುಗೂಡಿಸಿ ಬಿಟ್ಟಿಯಾಗಿ ಹಂಚುವವರು ಪ್ರಪಂಚದಲ್ಲಿ ಬೇಕಾದಷ್ಟಿದ್ದಾರೆ, ಬ್ಲಾಕ್‌ಲಿಸ್ಟ್ ಅನ್ನುತ್ತಾರೆ. ಆ ಪಟ್ಟಿ ಇಟ್ಟುಕೊಂಡವರು ಅದರಲ್ಲಿರುವ ವಿಳಾಸಕ್ಕೆ ಬಾಗಿಲು ತೆಗೆಯುವುದಿಲ್ಲ. ಹೊರಬರಲು ಒಂದು ಫಾರಂ ಇತ್ತು. ಏನಾಯಿತು, ಈಗ ಏನು ಸರಿ ಮಾಡಿದ್ದೀರಿ ಎಂದು ಇಂಗ್ಲಿಷಿನಲ್ಲಿ ಬರೆಯಬೇಕು. ಯೋಗಾನಂದ ಮೂರು ಸಲ ಬರೆದ. ಹನ್ನೊಂದು ದಿನಕ್ಕೆ ಒಂದೇ ಸಾಲಿನ ಉತ್ತರ ಬಂತು: ತೆಗೆದಿದ್ದೇವೆ. ಪೊಲೀಸರು ಬಿಟ್ಟಾಗಲೂ ಅಳದವನು ಆ ಸಾಲು ನೋಡಿ ಅತ್ತ.

ಆಮೇಲೆ ಅವನು ಮಾಡಿದ್ದನ್ನು ರಾಧಾಮಣಿಗೆ ಬಹಳ ದಿನ ಅರ್ಥ ಮಾಡಿಕೊಳ್ಳಲಾಗಲಿಲ್ಲ. ತನ್ನನ್ನು ಸೇರಿಸಿಕೊಂಡಿದ್ದ ಅದೇ ಪಟ್ಟಿಯನ್ನು ಅವನು ಮನೆಗೆ ತಂದು ಹಾಕಿದ.

ಕಾಲೇಜು ಗುಜರಿಗೆ ಹಾಕಿದ್ದ ಒಂದು ಕಂಪ್ಯೂಟರನ್ನು ಕೇಳಿ ತಂದು, ಅದಕ್ಕೆ ಇಂಟರ್ನೆಟ್ ವೈರು ಸಿಕ್ಕಿಸುವ ಎರಡು ಕಾರ್ಡು ಕೂರಿಸಿ, ಎಸ್.ಪಿ. ರೋಡಿನ ಬಿಡಿಭಾಗದ ಅಂಗಡಿಯಿಂದ ಹಳೆಯ ಮೆಮೊರಿ ತಂದು ಹಾಕಿ, ಮನೆಗೂ ಹೊರಗಿನ ಪ್ರಪಂಚಕ್ಕೂ ನಡುವೆ ನಿಲ್ಲಿಸಿದ. ಅದೇ ಅವನ ಫೈರ್‌ವಾಲ್. ಒಳಗಿಂದ ಹೋಗುವ, ಹೊರಗಿಂದ ಬರುವ ಪ್ರತಿಯೊಂದೂ ಅದನ್ನು ದಾಟಿ ಹೋಗಬೇಕು. ಪಟ್ಟಿಯಲ್ಲಿರುವ ವಿಳಾಸವಾದರೆ ಅಲ್ಲೇ ಬಿದ್ದುಹೋಗುತ್ತದೆ. ಬಿದ್ದದ್ದಕ್ಕೆ ಒಂದು ಸಾಲು ದಾಖಲಾಗುತ್ತದೆ. ದೇವರ ಗೂಡಿನ ಪಕ್ಕದ ಕಪಾಟಿನಲ್ಲಿ ಅದು ಹಗಲೂ ರಾತ್ರಿ ಗುಂಯ್‌ಗುಡುತ್ತಿತ್ತು.

ಮೊದಮೊದಲು ಪಟ್ಟಿ ಆರಿಸುವುದರಲ್ಲಿ ಅವನಷ್ಟು ಎಚ್ಚರದ ಮನುಷ್ಯ ಇರಲಿಲ್ಲ. ಯಾರು ನಡೆಸುತ್ತಾರೆ, ಎಷ್ಟು ದಿನಕ್ಕೊಮ್ಮೆ ಹೊಸದಾಗುತ್ತದೆ, ಒಂದು ವಿಳಾಸವನ್ನು ಏಕೆ ಸೇರಿಸಿದೆವೆಂದು ಹೇಳುತ್ತಾರೆಯೆ, ತಪ್ಪಾದರೆ ತೆಗೆಸಲು ದಾರಿ ಉಂಟೆ? ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಇದನ್ನೆಲ್ಲ ಬರೆದುಕೊಂಡು, ಎರಡು ವಾರ ನೋಡಿ, ಆಮೇಲೆ ಒಂದನ್ನು ಒಳಗೆ ಸೇರಿಸುತ್ತಿದ್ದ. ತಪ್ಪೂ ಮಾಡಿದ. ಒಂದು ಸಲ ತಂದ ದೊಡ್ಡ ಪಟ್ಟಿಯಲ್ಲಿ, ಮನೆಮನೆಗಳ ಒಳಗೆ ಮಾತ್ರ ಬಳಸುವ ಅಂಕಿಗಳೂ ಇದ್ದವು. ಹಾಕಿದ ಕೂಡಲೇ ಫೈರ್‌ವಾಲು ಅವನ ಸ್ವಂತ ಕಂಪ್ಯೂಟರನ್ನೇ ಕಳ್ಳನೆಂದು ಹೊರಗಿಟ್ಟಿತು. ಕಪಾಟಿನ ಮುಂದೆ ಮೊಣಕಾಲೂರಿ, ಅದಕ್ಕೇ ಕೀಬೋರ್ಡು ಸಿಕ್ಕಿಸಿ ಅಳಿಸಬೇಕಾಯಿತು. ಮನೆ ಯಜಮಾನನಿಗೇ ಬಾಗ್ಲು ಹಾಕ್ತಲ್ರೀ ಎಂದು ರಾಧಾಮಣಿ ನಕ್ಕಳು. ಅವನೂ ನಕ್ಕ. ಅದರ ನಂತರ ಆ ವಿಷಯಕ್ಕೆ ಇಬ್ಬರೂ ಸೇರಿ ನಕ್ಕ ನೆನಪು ಅವನಿಗಿಲ್ಲ.

ಸ್ಟೋರ್ಸಿನಲ್ಲಿ ಕೂತು ಕೂತು ಅವನಿಗೆ ಬೇರೆ ಯೋಚನೆಯೇ ಇಲ್ಲದಂತಾಯಿತು. ಒಂದು ಪಟ್ಟಿ ನಾಲ್ಕಾಯಿತು, ನಾಲ್ಕು ಹತ್ತಾಯಿತು. ಕೆಲವು ದೇಶಗಳಿಗೆ ದೇಶಗಳನ್ನೇ ಮುಚ್ಚಿದ. ಒಂದು ಬೀದಿಯಲ್ಲಿ ಒಬ್ಬ ಕಳ್ಳ ಸಿಕ್ಕಿದರೆ ಇಡೀ ಬೀದಿಯನ್ನೇ ಮುಚ್ಚುವಂಥ ಒರಟು ಪಟ್ಟಿಗಳಿರುತ್ತವೆ. ಮೊದಲು ಅವುಗಳನ್ನು ದೂರ ಇಟ್ಟವನು ಈಗ ಅವನ್ನೂ ತಂದ. ಎರಡು ವಾರ ನೋಡುವ ಪದ್ಧತಿ ಬಿಟ್ಟುಹೋಯಿತು. ದಿನಾ ಬೆಳಿಗ್ಗೆ ಕಾಫಿ ಹಿಡಿದು ಕಪಾಟಿನ ಮುಂದೆ ಕೂತು ನಿನ್ನೆ ಎಷ್ಟು ತಡೆದೆ ಎಂದು ನೋಡುವನು. ಸಂಖ್ಯೆ ದೊಡ್ಡದಿದ್ದ ದಿನ ಮನಸ್ಸು ಹಗುರವಾಗುತ್ತಿತ್ತು. ೨೦೧೫ರ ಕೊನೆಗೆ ಪಟ್ಟಿಗಳು ಇಪ್ಪತ್ತಮೂರಾಗಿದ್ದವು.

ಆ ಹೊತ್ತಿಗೆ ಮೇಲಿನ ಮನೆಗೆ ಬಸವಕಿರಣ ಮತ್ತು ಶೀತಲ್ ಬಂದು ಒಂದೂವರೆ ವರ್ಷವಾಗಿತ್ತು. ಗದಗ ಕಡೆಯವರು. ಗಂಡ ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಬೆಳಿಗ್ಗೆ ಏಳಕ್ಕೆ ಬೈಕು ಹೊರಡುತ್ತಿತ್ತು, ಸಂಜೆ ಆರಕ್ಕೆ ಬರುತ್ತಿತ್ತು. ಎದುರು ಸಿಕ್ಕರೆ ನಿಂತು, ಕೈಮುಗಿದು, ಆರಾಮಿದೀರೇನ್ರೀ ಅಂಕಲ್ ಎಂದು ಕೇಳುವ ಹುಡುಗ. ಹೆಂಡತಿ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ವಿದೇಶದ ಡಾಕ್ಟರುಗಳು ಮಾತಾಡಿ ಕಳಿಸಿದ ಧ್ವನಿಯನ್ನು ಕಿವಿಗೆ ಹಾಕಿಕೊಂಡು ಕೇಳಿ ಟೈಪು ಮಾಡುವ ಕೆಲಸ. ಅದಕ್ಕೆ ಕಂಪನಿಯೇ ಒಂದು ಕಂಪ್ಯೂಟರು ಕೊಟ್ಟಿತ್ತು. ಇಪ್ಪತ್ತಾರರ ಆಸುಪಾಸು, ಮಾತು ಕಡಿಮೆ. ರಾಧಾಮಣಿ ಕೊಟ್ಟ ಸಾರಿನ ಪಾತ್ರೆಯನ್ನು ಎಂದೂ ಖಾಲಿ ಹಿಂದಿರುಗಿಸುತ್ತಿರಲಿಲ್ಲ. ನಾಲ್ಕು ಶೇಂಗಾ ಹೋಳಿಗೆಯೋ, ಒಂದಿಷ್ಟು ಚಟ್ನಿಪುಡಿಯೋ ಅದರಲ್ಲಿ ಇರುತ್ತಿತ್ತು.

ಗೋಪಾಲಮ್ಮ ಮಾತ್ರ ಒಂದೆರಡು ಸಲ, ಆ ಉಡ್ಗಿ ಕೈ ನೋಡಿದ್ಯೇನೇ, ಇಂಗೆ ಬಳೆ ಒತ್ತಿದ್ರೆ ಅಂಗೆ ಕಪ್ಪಾಯ್ತದಾ ಎಂದು ಸೊಸೆಯನ್ನು ಕೇಳಿದ್ದಳು. ರಾಧಾಮಣಿ ಅದನ್ನು ರಾತ್ರಿ ಊಟಕ್ಕೆ ಬಡಿಸುವಾಗ ಗಂಡನಿಗೆ ಹೇಳಿದಳು. ಬೇರೆಯವರ ಸಂಸಾರದ ವಿಷಯಕ್ಕೆ ನಾವು ಹೋಗಬಾರದು ಎಂದು ಅವನು ಮಾತು ಮುಗಿಸಿದ.

೨೦೧೬ರ ಜೂನಿನಲ್ಲಿ ಫೈರ್‌ವಾಲಿನ ದಾಖಲೆಯಲ್ಲಿ ಒಂದು ಹೊಸದು ಕಾಣಿಸಿಕೊಂಡಿತು. ಮೇಲಿನ ಮನೆಯ ಕಂಪ್ಯೂಟರು ಹೊರಗಿನ ಒಂದೇ ವಿಳಾಸಕ್ಕೆ ಪದೇಪದೇ ಹೋಗಲು ನೋಡುತ್ತಿತ್ತು. ಮಧ್ಯಾಹ್ನ ಎರಡಕ್ಕೆ ಶುರು, ನಾಲ್ಕರೊಳಗೆ ಕೊನೆ. ದಿನಕ್ಕೆ ಹತ್ತು, ಹನ್ನೆರಡು, ಒಂದು ದಿನ ಮೂವತ್ತು ಸಾಲು. ತಡೆದದ್ದು ಹದಿನಾಲ್ಕನೆಯ ಪಟ್ಟಿ. ಒಂದು ದಿನವೂ ತೊಂದರೆ ಕೊಡದ, ಎಂದೂ ಏರುಪೇರಾಗದ ಪಟ್ಟಿಯೆಂದು ಯೋಗಾನಂದನಿಗೆ ಅದರ ಮೇಲೆ ವಿಶೇಷ ನಂಬಿಕೆ. ಒಳಗೆ ಸೇರಿಕೊಂಡ ವೈರಸ್ಸು ಹೀಗೇ ಹೊತ್ತು ಗೊತ್ತುಮಾಡಿಕೊಂಡು ತನ್ನ ಧಣಿಗೆ ಕೂಗು ಹಾಕುತ್ತದೆಂದು ಅವನು ಓದಿದ್ದ. ಅವನ ಸ್ವಂತ ಕಂಪ್ಯೂಟರಿನಲ್ಲಿ ನಾಲ್ಕು ವರ್ಷದ ಹಿಂದೆ ಆದದ್ದೂ ಅದೇ. ಈ ಸಲ ಅದನ್ನು ಬಾಗಿಲಲ್ಲೇ ಹಿಡಿದೆ ಎಂದುಕೊಂಡ. ಹೆದರಿಕೆಯ ಜೊತೆಗೆ ಒಂದು ಬಗೆಯ ಸಂತೋಷವೂ ಆಯಿತು. ದಿನವೂ ನೋಟ್‌ಬುಕ್ಕಿನಲ್ಲಿ ಎಣಿಸಿ ಬರೆದಿಟ್ಟ.

ಶನಿವಾರ, ಭಾನುವಾರ ಒಂದು ಸಾಲೂ ಇರುತ್ತಿರಲಿಲ್ಲ. ಅದನ್ನೂ ಬರೆದಿಟ್ಟ. ವೈರಸ್ಸಿಗೆ ವಾರದ ರಜೆ ಏಕೆ ಎಂದು ತನ್ನನ್ನೇ ಕೇಳಿಕೊಳ್ಳಲಿಲ್ಲ.

ಅದೇ ದಿನಗಳಲ್ಲಿ ಒಮ್ಮೆ ಶೀತಲ್ ಪಾತ್ರೆ ಕೊಡಲು ಕೆಳಗೆ ಬಂದವಳು, ಇಂಟರ್ನೆಟ್ಟಿನಲ್ಲಿ ಅಂಕಲ್ ಏನಾದರೂ ಬದಲಾಯಿಸಿದ್ದಾರೆಯೆ ಎಂದು ರಾಧಾಮಣಿಯನ್ನು ಕೇಳಿದ್ದಳು. ಯಾವ ಸೈಟು ಎಂದರೆ ಹೇಳಲಿಲ್ಲ, ಇರಲಿ ಬಿಡ್ರಿ ಎಂದು ಹೋಗಿಬಿಟ್ಟಳು. ರಾಧಾಮಣಿ ಗಂಡನಿಗೆ ತಿಳಿಸಿದಳು. ಮೇಲೆ ಹೋಗಿ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಒಬ್ಬಳೇ ಇರುವ ಹೆಂಗಸಿನ ಹತ್ತಿರ ಕಂಪ್ಯೂಟರಿನ ಮಾತು ತೆಗೆಯುವುದಕ್ಕೆ ಪೊಲೀಸರು ಕರೆದೊಯ್ದಿದ್ದ ಮನುಷ್ಯನಿಗೆ ಮುಜುಗರ. ಗಂಡನಿಗೇ ಹೇಳುವುದು ಸರಿ ಎಂದು ಅವನಿಗೆ ತೋಚಿತು.

ಜೂನ್ ಕೊನೆಯ ಬುಧವಾರ ಸಂಜೆ ಬಸವಕಿರಣ ಬೈಕು ನಿಲ್ಲಿಸುತ್ತಿದ್ದಾಗ ಯೋಗಾನಂದ ಮೆಟ್ಟಿಲ ಹತ್ತಿರ ಅವನನ್ನು ತಡೆದು ನಿಲ್ಲಿಸಿದ. ಮುದ್ರಿಸಿಟ್ಟ ಎರಡು ಹಾಳೆಗಳು ಕೈಯಲ್ಲಿದ್ದವು. ದಿನಾಂಕ, ಹೊತ್ತು, ವಿಳಾಸ. ನಿಮ್ಮ ಮನೆಯ ಕಂಪ್ಯೂಟರಿಗೆ ಏನೋ ಸೇರಿಕೊಂಡಿದೆ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಒಂದೇ ಕಡೆ ಹೋಗಲು ನೋಡುತ್ತದೆ, ನಾನೇನೋ ತಡೆದಿದ್ದೇನೆ, ಕಂಪನಿಯವರಿಗೆ ಹೇಳಿ ಸ್ವಚ್ಛ ಮಾಡಿಸಿ ಎಂದು ವಿವರಿಸಿದ. ಬಸವಕಿರಣ ಹಾಳೆಯನ್ನು ಬಹಳ ಹೊತ್ತು ನೋಡಿದ.

"ಇದು ಯಾವ ಸೈಟ್‌ ಐತಿ ಅಂಕಲ್? ಹೆಸರು ಸಿಗತೈತೇನು?"

ಸಿಗುತ್ತದೆ, ಒಂದು ನಿಮಿಷ ಎಂದು ಯೋಗಾನಂದ ಒಳಗೆ ಹೋದ. ಯಾವ ಸೈಟಿನ ಹೆಸರು ಕೇಳಿದಾಗ ಯಾವ ಅಂಕಿ ಕೊಟ್ಟೆ ಎನ್ನುವುದನ್ನೂ ಫೈರ್‌ವಾಲು ನೆನಪಿಟ್ಟುಕೊಳ್ಳುತ್ತದೆ. ಹುಡುಕಿದ. ಸಿಕ್ಕಿತು. ಹೆಸರಿನಲ್ಲಿ ಆಸರೆ ಎಂಬ ಪದವಿತ್ತು. ಅವನ ಕಣ್ಣು ಅದನ್ನು ಓದಿತು. ಆದರೆ ಕೆಟ್ಟ ಸೈಟುಗಳೇ ಒಳ್ಳೆಯ ಹೆಸರಿಟ್ಟುಕೊಂಡಿರುತ್ತವೆ, ಹೆಸರು ನೋಡಿ ನಂಬಬಾರದು ಎನ್ನುವುದನ್ನು ಅವನು ಆ ನಾಲ್ಕು ವರ್ಷದಲ್ಲಿ ಗಟ್ಟಿಯಾಗಿ ಕಲಿತಿದ್ದ. ಹಾಳೆಯ ಮೇಲೆ ಪೆನ್ನಿನಿಂದ ದುಂಡಗೆ ಬರೆದು ತಂದುಕೊಟ್ಟ. ಥ್ಯಾಂಕ್ಸ್ ಅಂಕಲ್ ಎಂದು ಬಸವಕಿರಣ ಹಾಳೆಗಳನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದ.

ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಮೇಲೆ ಏನೋ ಭಾರವಾದದ್ದು ಬಿದ್ದ ಸದ್ದು ಬಂತು. ಯೋಗಾನಂದ ಟಿವಿಯಲ್ಲಿ ವಾರ್ತೆ ನೋಡುತ್ತಿದ್ದ. ಎರಡನೆಯ ಸದ್ದಿಗೆ ಧ್ವನಿ ಕಡಿಮೆ ಮಾಡಿದ. ಮೂರನೆಯದಕ್ಕೆ ರಾಧಾಮಣಿ ಅಡುಗೆಮನೆಯಿಂದ ಹೊರಗೆ ಬಂದು ಅವನ ಮುಖ ನೋಡಿದಳು. ಅವನು ಏಳಲಿಲ್ಲ. ಎದ್ದವಳು ಎಪ್ಪತ್ತೆಂಟು ವರ್ಷದ ಗೋಪಾಲಮ್ಮ. ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬಾಗಿಲು ಬಡಿದಳು.

"ಬಾಗ್ಲು ತೆಗಿಯಪ್ಪ. ಒಡಿಯೋದು ಬುಟ್ಟು ಬಾಗ್ಲು ತೆಗಿ. ನಾನ್ ಇಲ್ಲೇ ಕುಂತಿರ್ತೀನಿ."

ಅವಳು ನಿಜವಾಗಿಯೂ ಹೊಸ್ತಿಲ ಮುಂದೆ ಕೂತುಬಿಟ್ಟಳು. ಬಾಗಿಲು ತೆರೆಯಿತು. ಬಸವಕಿರಣ ಯಾರ ಮುಖವನ್ನೂ ನೋಡದೆ ಮುದುಕಿಯನ್ನು ದಾಟಿಕೊಂಡು ಇಳಿದು ಬೈಕು ಹತ್ತಿ ಹೋದ. ರಾಧಾಮಣಿ ಮೇಲಕ್ಕೆ ಓಡಿದಳು. ಶೀತಲ್ ಅಡುಗೆಮನೆಯ ನೆಲದಲ್ಲಿ ಎಡಗಿವಿ ಮುಚ್ಚಿಕೊಂಡು ಕೂತಿದ್ದಳು. ಬೆರಳುಗಳ ಸಂದಿಯಿಂದ ರಕ್ತ ಬರುತ್ತಿತ್ತು. ಪಕ್ಕದಲ್ಲಿ ಅವಳ ಕಂಪ್ಯೂಟರು ಮಗುಚಿ ಬಿದ್ದಿತ್ತು.

ಆಸ್ಪತ್ರೆಯಲ್ಲಿ ಕಿವಿಯ ತಮಟೆ ಹರಿದಿದೆ ಅಂದರು. ತಾನಾಗಿ ಕೂಡಿಕೊಳ್ಳಬಹುದು, ಕೂಡದೆಯೂ ಇರಬಹುದು ಅಂದರು.

ರಾಧಾಮಣಿ ಎಲ್ಲವನ್ನೂ ಅಲ್ಲೇ, ಶೀತಲ್‌ ಬಾಯಿಂದಲೇ ಕೇಳಿಕೊಂಡಳು. ಮದುವೆಯಾದ ಆರನೆಯ ತಿಂಗಳಿಂದ ಹೊಡೆತ. ಫೋನಿನಲ್ಲಿ ಯಾರ ಹತ್ತಿರ ಮಾತಾಡಿದಳೆಂದು ದಿನಾ ಸಂಜೆ ನೋಡುತ್ತಿದ್ದ. ಕಂಪನಿಯ ಕಂಪ್ಯೂಟರಿಗೆ ಮಾತ್ರ ಅವನ ಕೈ ಹೋಗುತ್ತಿರಲಿಲ್ಲ, ಅದರ ಪಾಸ್‌ವರ್ಡು ಅವನಿಗೆ ಗೊತ್ತಿರಲಿಲ್ಲ. ಏಪ್ರಿಲ್‌ನಲ್ಲಿ ಹೆಂಗಸರಿಗೆ ನೆರವಾಗುವ ಒಂದು ಸಂಸ್ಥೆಯ ಸೈಟು ಅವಳಿಗೆ ಸಿಕ್ಕಿತು. ಸೋಮವಾರದಿಂದ ಶುಕ್ರವಾರ, ಮಧ್ಯಾಹ್ನ ಎರಡರಿಂದ ನಾಲ್ಕು, ಬರೆದು ಮಾತಾಡಬಹುದು. ಆ ಕಡೆ ಒಬ್ಬ ಹೆಂಗಸು ಕೂತು ಉತ್ತರ ಬರೆಯುತ್ತಿದ್ದಳು. ಐದಾರು ವಾರ ಮಾತಾಡಿದ್ದರು. ಎಲ್ಲಿ ಹೋಗಿ ಇರಬಹುದು, ಯಾವ ಕಾಗದಪತ್ರ ಎತ್ತಿಟ್ಟುಕೊಳ್ಳಬೇಕು, ಯಾವ ದಿನ ಹೊರಡುವುದು, ಎಲ್ಲ ಹೆಚ್ಚು ಕಡಿಮೆ ಗೊತ್ತಾಗಿತ್ತು. ಜೂನ್ ಮೊದಲ ವಾರ ಇದ್ದಕ್ಕಿದ್ದಂತೆ ಸೈಟು ತೆರೆಯುವುದು ನಿಂತುಹೋಯಿತು. ಗಂಡನಿಗೆ ಗೊತ್ತಾಗಿ ಅವನೇ ಏನೋ ಮಾಡಿಸಿದ್ದಾನೆ ಎಂದು ಅವಳು ಹೆದರಿ ಸತ್ತಳು. ಆದರೂ ದಿನಾ ಎರಡು ಗಂಟೆಗೆ ಕೂತು ಮತ್ತೆ ಮತ್ತೆ ತೆರೆಯಲು ನೋಡುತ್ತಿದ್ದಳು.

ರಾಧಾಮಣಿ ಮನೆಗೆ ಬಂದು ಇದನ್ನು ಗಂಡನಿಗೆ ಹೇಳಿದಳು. ಬೈಯಲಿಲ್ಲ. ಹೇಳಿ ಮುಗಿಸಿ ಸ್ನಾನಕ್ಕೆ ಹೋದಳು.

ಯೋಗಾನಂದ ಕಪಾಟಿನ ಮುಂದೆ ಕೂತ. ಹದಿನಾಲ್ಕನೆಯ ಪಟ್ಟಿಯನ್ನು ತೆರೆದು ತಲೆಸಾಲು ಓದಿದ. ಕೊನೆಯ ಸಲ ಬದಲಾದದ್ದು ೨೦೧೩ರ ಆಗಸ್ಟ್. ಅದನ್ನು ನಡೆಸುತ್ತಿದ್ದವನು ಮೂರು ವರ್ಷದ ಹಿಂದೆಯೇ ಕೈಬಿಟ್ಟು ಹೋಗಿದ್ದ. ಒಂದು ವಿಳಾಸ ಇವತ್ತು ಕಳ್ಳನ ಕೈಯಲ್ಲಿದ್ದರೆ ನಾಳೆ ಇನ್ನೊಬ್ಬರಿಗೆ ಹೋಗುತ್ತದೆ, ಬಾಡಿಗೆ ಮನೆಯ ಹಾಗೆ. ಆ ಸಂಸ್ಥೆ ಜೂನಿನಲ್ಲಿ ತನ್ನ ಸೈಟನ್ನು ಕಡಿಮೆ ಬಾಡಿಗೆಯ ಒಂದು ಸರ್ವರಿಗೆ ಸಾಗಿಸಿತ್ತು. ಅವರಿಗೆ ಸಿಕ್ಕಿದ ಹೊಸ ಜಾಗ ಎಂದೋ ಯಾವನೋ ಕಳ್ಳನಿದ್ದ ಬೀದಿಯದು. ಕಳ್ಳ ಹೋಗಿ ಎಷ್ಟೋ ಕಾಲವಾಗಿತ್ತು. ಅದನ್ನು ಅಳಿಸುವವರು ಯಾರೂ ಇರಲಿಲ್ಲ. ಏರುಪೇರಾಗದ ಪಟ್ಟಿಯೆಂದು ಅವನು ಮೆಚ್ಚಿಕೊಂಡದ್ದು ಸತ್ತ ಪಟ್ಟಿಯನ್ನು. ತನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅವನೇ ಬರೆದುಕೊಂಡಿದ್ದ ಪ್ರಶ್ನೆ, ಎಷ್ಟು ದಿನಕ್ಕೊಮ್ಮೆ ಹೊಸದಾಗುತ್ತದೆ ಎನ್ನುವುದು. ಹದಿನಾಲ್ಕನೆಯದನ್ನು ಹಾಕುವ ಹೊತ್ತಿಗೆ ಆ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದ.

ಆಮೇಲೆ ಜೂನಿನ ಸಾಲುಗಳನ್ನು ಎಣಿಸಿದ. ಹದಿನೇಳು ದಿನ, ಇನ್ನೂರ ಹನ್ನೆರಡು ಸಾಲು. ಒಂದೊಂದು ಸಾಲೂ ಅವಳು ತಟ್ಟಿದ ಬಾಗಿಲು.

ಆಸ್ಪತ್ರೆಯಿಂದ ಬಂದ ಶೀತಲ್‌ಳನ್ನು ಗೋಪಾಲಮ್ಮ ತನ್ನ ಕೋಣೆಯಲ್ಲೇ ಮಲಗಿಸಿಕೊಂಡಳು. ಬಸವಕಿರಣ ಯಾರೋ ಸ್ನೇಹಿತನ ಮನೆ ಸೇರಿದ್ದ. ಮಾರನೆಯ ದಿನ ಮಧ್ಯಾಹ್ನ ಯೋಗಾನಂದ ಆ ಕೋಣೆಯ ಬಾಗಿಲಿಗೆ ಹೋಗಿ ನಿಂತ. ಹಾಳೆ ಕೊಟ್ಟವನು ತಾನೇ ಎಂದು ಹೇಳಲು ಬಂದಿದ್ದ. ಹೇಳಬೇಕಾಗಿರಲಿಲ್ಲ. ಆ ಹಾಳೆಗಳನ್ನು ಬಸವಕಿರಣ ಅವಳ ಮುಖಕ್ಕೆ ಹಿಡಿದಿದ್ದ, ಯೋಗಾನಂದನ ಕೈಬರಹ ಅವಳಿಗೆ ಬಾಡಿಗೆ ರಸೀದಿಗಳಿಂದ ಗೊತ್ತಿತ್ತು. ಅವನು ಆದರೂ ಎಲ್ಲವನ್ನೂ ಹೇಳಿದ. ವೈರಸ್ ಎಂದುಕೊಂಡದ್ದು, ಪಟ್ಟಿ ಹಳೆಯದಾಗಿದ್ದದ್ದು, ಮೆಟ್ಟಿಲ ಹತ್ತಿರ ಕಾದು ನಿಂತದ್ದು. ಶೀತಲ್ ಬಲಗಿವಿಯನ್ನು ಅವನ ಕಡೆಗೆ ತಿರುಗಿಸಿಕೊಂಡು ಕೇಳಿದಳು.

"ನನ್ನ ಒಂದ್ ಮಾತ್ ಕೇಳಬೋದಿತ್ತಲ್ರೀ ಅಂಕಲ್," ಅಂದಳು. "ನಾ ಮೇಲೇ ಇದ್ದೆ."

ಗೋಪಾಲಮ್ಮ ಅವನಿಗೆ ಹೋಗು ಎಂದು ಕಣ್ಣಿನಲ್ಲೇ ಹೇಳಿದಳು.

ಶುಕ್ರವಾರ ಅವಳ ತಂದೆ ವೀರಬಸಪ್ಪ ಗದಗಿನಿಂದ ಬಂದರು. ಸಹಕಾರಿ ಸಂಘದ ಗುಮಾಸ್ತರಾಗಿ ನಿವೃತ್ತರಾದವರು, ಮೆತ್ತಗಿನ ಮನುಷ್ಯ. ಮಗಳನ್ನು ಸುಮ್ಮನೆ ಊರಿಗೆ ಕರೆದುಕೊಂಡು ಹೋಗುವುದು ಅವರ ಮನಸ್ಸಿನಲ್ಲಿತ್ತು. ಶೀತಲ್ ದೂರು ಕೊಟ್ಟೇ ಹೊರಡುವುದು ಎಂದಳು. ಸಂಸ್ಥೆಯ ಹೆಂಗಸೊಬ್ಬಳು ಫೋನಿನಲ್ಲಿ ಏನೇನು ಬೇಕೆಂದು ಹೇಳಿಕೊಟ್ಟಿದ್ದಳು. ಆ ಹಾಳೆಗಳ ಇನ್ನೊಂದು ಪ್ರತಿ, ಅವನ್ನು ಗಂಡನ ಕೈಗೆ ಕೊಟ್ಟ ಹೊತ್ತು, ಆಮೇಲೆ ಕೇಳಿದ ಸದ್ದು, ಇವುಗಳಿಗೆ ಯೋಗಾನಂದನ ಹೇಳಿಕೆ ಬೇಕಿತ್ತು. ವೀರಬಸಪ್ಪ ಬಂದು ಕೇಳಿದರು.

"ನಿಮ್ಮಿಂದ ಆತು ಅಂತ ನಾ ಹೇಳಾಕತ್ತಿಲ್ರೀ. ಆದ್ರ ನೀವು ಬಂದು ಹೇಳಿದ್ರ ಆಕಿ ಮಾತಿಗೆ ತೂಕ ಬರತೈತಿ."

ನಾಲ್ಕು ವರ್ಷ ಯೋಗಾನಂದ ಠಾಣೆಯ ರಸ್ತೆಯನ್ನೇ ತಪ್ಪಿಸಿ ಕೊಡಿಗೇಹಳ್ಳಿ ಗೇಟಿನ ಕಡೆಯಿಂದ ಸುತ್ತಿಕೊಂಡು ಕಾಲೇಜಿನ ಬಸ್ಸು ಹಿಡಿಯುತ್ತಿದ್ದ. ಬರುತ್ತೇನೆ ಅಂದ. ರಾಧಾಮಣಿ ಜೊತೆಗೆ ಬಂದಳು. ಅದೇ ಬೆಂಚು, ಹೊಸ ಬಣ್ಣ. ಈ ಮುಂಚೆ ನಿಮ್ಮ ಮೇಲೆ ಏನಾದರೂ ಇತ್ತೇ ಎಂದು ಬರೆದುಕೊಳ್ಳುವವರು ಕೇಳಿದರು. ಅದನ್ನೂ ಹೇಳಿದ. ಸಾಕ್ಷಿಯೆಂದು ಹಾಕಿದ ಸಹಿ ಬೇರೆ ಯಾರದೋ ಹಾಗೆ ಬಿತ್ತು, ಇನ್ನೊಮ್ಮೆ ಹಾಕಿಸಿದರು.

ಅದರಿಂದ ದೊಡ್ಡ ಪ್ರಯೋಜನವೇನೂ ಆಗಲಿಲ್ಲ. ಮೇಲಿನ ಮನೆಯ ಹೆಂಗಸು ಇಂಟರ್ನೆಟ್ಟಿನಲ್ಲಿ ಏನು ನೋಡುತ್ತಾಳೆಂದು ದಿನಾ ಕದ್ದು ನೋಡುತ್ತಿದ್ದ ಮನೆ ಮಾಲೀಕ, ಹಿಂದೆ ಠಾಣೆ ಕಂಡವನು, ಇವನ ಮಾತಿಗೆ ಬೆಲೆ ಏನು ಎಂದು ಬಸವಕಿರಣನ ವಕೀಲರು ಹೋದಲ್ಲಿ ಬಂದಲ್ಲಿ ಕೇಳಿದರು. ಯೋಗಾನಂದನಿಗೆ ಅದು ಪೂರ್ತಿ ಸುಳ್ಳು ಎನಿಸಲಿಲ್ಲ. ಹದಿನೇಳು ದಿನ ಅವನು ನೋಡಿದ್ದು ನಿಜ. ಮಾರನೆಯ ವರ್ಷ ಎರಡೂ ಕಡೆಯ ಹಿರಿಯರು ಕೂತು ಮಾತಾಡಿ ದೂರು ಹಿಂದಕ್ಕೆ ಹೋಯಿತು, ಒಪ್ಪಿಗೆಯ ಮೇಲೆ ವಿಚ್ಛೇದನವಾಯಿತು. ಬಸವಕಿರಣ ಅಬ್ಬಿಗೆರೆಯಲ್ಲಿ ಬೇರೆ ಮನೆ ಮಾಡಿದನೆಂದು ಕೇಳಿದರು. ಶೀತಲ್‌ಳ ಎಡಗಿವಿ ಕೂಡಿಕೊಳ್ಳಲಿಲ್ಲ. ಧ್ವನಿ ಕೇಳಿ ಟೈಪು ಮಾಡುವ ಕೆಲಸ ಹೋಯಿತು. ಧಾರವಾಡದ ಒಂದು ಶಾಲೆಯ ಆಫೀಸಿನಲ್ಲಿ ಸೇರಿಕೊಂಡಿದ್ದೇನೆಂದು ಅವಳೇ ರಾಧಾಮಣಿಗೆ ಒಮ್ಮೆ ಫೋನು ಮಾಡಿದ್ದಳು. ಯೋಗಾನಂದನ ವಿಷಯ ಅವಳು ಕೇಳಲಿಲ್ಲ, ರಾಧಾಮಣಿಯೂ ಫೋನು ಕೊಡಲಿಲ್ಲ.

ಇಪ್ಪತ್ತಮೂರು ಪಟ್ಟಿಗಳಲ್ಲಿ ಹತ್ತೊಂಬತ್ತನ್ನು ಅವನು ತೆಗೆದುಹಾಕಿದ. ಉಳಿಸಿಕೊಂಡ ನಾಲ್ಕು ದಿನಾ ಹೊಸದಾಗುವಂಥವು, ಹಳೆಯದನ್ನು ತಾವಾಗಿ ಮರೆಯುವಂಥವು, ತಪ್ಪಿದರೆ ಕೇಳಲು ಒಬ್ಬ ಮನುಷ್ಯನಿರುವಂಥವು. ದೇಶಗಳನ್ನು ತೆರೆದ. ಯಾವ ಕಂಪ್ಯೂಟರು ಎಲ್ಲಿಗೆ ಹೋಯಿತೆಂದು ಹೆಸರು ನೆನಪಿಡುವುದನ್ನು ನಿಲ್ಲಿಸಿದ. ಇಷ್ಟೆಲ್ಲ ಸರಿಮಾಡುವ ಹೊತ್ತಿಗೆ ಅದರ ಅವಶ್ಯಕತೆಯೇ ಮುಗಿದಿತ್ತು. ಎಲ್ಲರ ಕೈಯ ಫೋನಿನಲ್ಲೂ ಅಗ್ಗದ ಇಂಟರ್ನೆಟ್ ಬಂತು. ಮೇಲಿನ ಮನೆಗೆ ಬಂದ ಹೊಸಬರು ತಮ್ಮದೇ ಲೈನು ಹಾಕಿಸಿಕೊಂಡರು. ಮೊದಲ ದಿನವೇ, ನಿಮ್ಮ ವೈರು ಬೇಡ ಸಾರ್ ಎಂದು ಸ್ವಲ್ಪ ಗಡುಸಾಗಿ ಹೇಳಿದರು. ಗಲ್ಲಿಯವರು ಅವರಿಗೆ ಏನೋ ಹೇಳಿರಬೇಕು. ೨೦೧೮ರ ಮಾಘದಲ್ಲಿ ಗೋಪಾಲಮ್ಮ ತೀರಿಕೊಂಡಳು. ಆ ದಿನ ಬಾಗಿಲಿಗೆ ಏಕೆ ಏಳಲಿಲ್ಲ ಎಂದು ಅವಳು ಮಗನನ್ನು ಕೊನೆಯವರೆಗೂ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಯೋಗಾನಂದ ಮಾಡುವ ಕೆಲಸ ಒಂದು ಉಳಿಯಿತು. ಆ ಸಂಸ್ಥೆಯ ಸೈಟು ಆ ವಾರ ಯಾವ ವಿಳಾಸದಲ್ಲಿದೆಯೆಂದು ನೋಡುವುದು. ಆಮೇಲೆ ಅದು ಜನ ಹೆಚ್ಚಾಗಿ ಬಳಸುವ ಪಟ್ಟಿಗಳಲ್ಲಿ ಎಲ್ಲಾದರೂ ಸೇರಿಕೊಂಡಿದೆಯೇ ಎಂದು ಒಂದೊಂದಾಗಿ ಹುಡುಕುವುದು. ಎಂಟು ಹತ್ತು ಪಟ್ಟಿ, ಮುಕ್ಕಾಲು ಗಂಟೆ. ಎರಡು ವರ್ಷ ಏನೂ ಸಿಗಲಿಲ್ಲ. ೨೦೧೯ರ ಸೆಪ್ಟೆಂಬರಿನಲ್ಲಿ ಒಂದು ಕಡೆ ಸಿಕ್ಕಿತು. ಪಕ್ಕದ ಯಾವುದೋ ವಿಳಾಸದ ತಪ್ಪಿಗೆ ಇಡೀ ಸಾಲನ್ನೇ ಸೇರಿಸಿದ್ದರು. ಅವನು ಪಟ್ಟಿ ನಡೆಸುವವರಿಗೆ ಬರೆದ. ಇದು ಇಂಥ ಸಂಸ್ಥೆ, ಇಂಥ ಹೊತ್ತಿನಲ್ಲಿ ಇಂಥವರು ಇದನ್ನು ಹುಡುಕಿಕೊಂಡು ಬರುತ್ತಾರೆ, ತೆರೆಯದಿದ್ದರೆ ಅವರಿಗೆ ಬೇರೆ ದಾರಿ ಇರುವುದಿಲ್ಲ. ತನ್ನ ಹೆಸರು, ಊರು ಬರೆದ. ನಾಲ್ಕು ದಿನಕ್ಕೆ ತೆಗೆದರು.

ಆ ಗುರುವಾರ ಊಟಕ್ಕೆ ಕೂತಾಗ ಏನು ಅಷ್ಟು ಹೊತ್ತು ಕಂಪ್ಯೂಟರಿನ ಮುಂದೆ ಎಂದು ರಾಧಾಮಣಿ ಕೇಳಿದಳು. ಅವನು ಹೇಳಿದ. ಅವಳು ಮುದ್ದೆ ಬಡಿಸಿ, ಸಾರು ಹಾಕಿ, ತನ್ನ ತಟ್ಟೆ ಎಳೆದುಕೊಂಡು ಕೂತಳು.

"ಶೀತಲ್‌ಗೆ ಇದು ಗೊತ್ತಾಗಲ್ವಲ್ಲ."

"ಇಲ್ಲ."

ಹೇಳೋದೂ ಬೇಡ ಬಿಡಿ, ಅವಳು ಮರೀಲಿ ಎಂದು ರಾಧಾಮಣಿ ಅಂದಳು. ಅವನು ತಲೆಯಾಡಿಸಿ ಮುದ್ದೆ ಮುರಿದ.